ಪ್ರಾತಃಕಾಲದ ಭಾರಶ್ರಮ: ಹಿತವೋ ಅಹಿತವೋ?

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯು ಜನವರಿಯಲ್ಲಿ ನೆರೆಯುತ್ತದೆ. ಅದಕ್ಕೆ ಒಂದೆರಡು ತಿಂಗಳು ಮೊದಲೇ ನಮ್ಮ ಸೀಮೆಯ ತಾಲೀಮುಗಳಲ್ಲಿ ಸಾಮು ಬಿರುಸಾಗುತ್ತದೆ. ಚಳಿಗಾಲದ ನಸುಕಿನಲ್ಲಿ, ಚುಕ್ಕೆಗಳು ಇನ್ನೂ ಮಾಸದಿರುವಾಗಲೇ, ತರುಣರು ಹಾಸಿಗೆಯಿಂದೆದ್ದವರೇ ನೇರವಾಗಿ ಸಂಗ್ರಾಣಿ ಕಲ್ಲಿಗೆ ಕೈಹಾಕುವುದುಂಟು. ಈಚೆಗೆ ಜಿಮ್ಮುಗಳು ಬಂದ ಮೇಲೆ ಕಲ್ಲಿನ ಸ್ಥಾನವನ್ನು ಕಬ್ಬಿಣದ ತಟ್ಟೆಗಳು ಆಕ್ರಮಿಸಿವೆಯೇ ಹೊರತು ವೇಳೆಯೇನೂ ಬದಲಾಗಿಲ್ಲ. ಇಷ್ಟು ಬೆಳಿಗ್ಗೆ ಭಾರವನ್ನೆತ್ತುವುದು ಅಪಾಯಕರವಲ್ಲವೇ ಎಂದು ಪಾಲಕರು ಕೇಳುತ್ತಾರೆ. ಬೆಳಗಿನ ಹೊತ್ತೇ ವ್ಯಾಯಾಮಕ್ಕೆ ಪ್ರಶಸ್ತವೆಂದು ಹಿರಿಯರೇ ಹೇಳಿದ್ದಾರಲ್ಲ ಎಂದು ಹುಡುಗರು ಮರುನುಡಿಯುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ವಿದ್ಯಾರ್ಥಿನಿಲಯವನ್ನು ನಡೆಸುತ್ತಿರುವ ಸಂಸ್ಥೆಯೊಂದರ ಸಂಚಿಕೆಯಲ್ಲಿ ಈ ವಿಷಯವನ್ನು ವಿವೇಚಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಭಾರವನ್ನೆತ್ತುವ ವ್ಯಾಯಾಮವು ನಮ್ಮ ನೆಲಕ್ಕೆ ಹೊರಗಿನಿಂದ ಬಂದುದೆಂದು ಯಾರೂ ತಿಳಿಯಬೇಕಾಗಿಲ್ಲ. ಇಂದಿನ ಬಸವಕಲ್ಯಾಣವೇ ರಾಜಧಾನಿಯಾಗಿದ್ದ ಕಾಲದಲ್ಲಿ, 1138ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮಲ್ಲವಿನೋದ’ವೆಂಬ ಪ್ರಕರಣವೇ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗನುಸಾರವಾಗಿ ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸಗಳನ್ನೂ ಅಲ್ಲಿ ನಿರೂಪಿಸಲಾಗಿದೆ. ಭಾರವನ್ನೆತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಮಾಡುವುದು ಸಲಿಲಶ್ರಮ, ಕಂಬವನ್ನಾಶ್ರಯಿಸಿ ಮಾಡುವುದು ಸ್ತಂಭಶ್ರಮ. ‘ಶ್ರಮ’ವೆಂದರೆ ಇಲ್ಲಿ ದಣಿವಲ್ಲ, ಅಭ್ಯಾಸ. ನಾವಿಂದು ಆ ಶಬ್ದಕ್ಕೆ ದಣಿವಿನ ಅರ್ಥವನ್ನೇ ಹೆಚ್ಚಾಗಿ ಉಳಿಸಿಕೊಂಡಿರುವುದು ಸೋಜಿಗದ ಸಂಗತಿ. ಆ ಪಟ್ಟಿಯಲ್ಲಿ ಭಾರವು ಹಲವು ಶ್ರಮಗಳಲ್ಲಿ ಒಂದು ಮಾತ್ರವೆಂಬುದನ್ನು ಗಮನಿಸಬೇಕು. ನಮ್ಮ ಹುಡುಗರು ಉಳಿದವುಗಳನ್ನು ಬಿಟ್ಟು ಭಾರವೊಂದನ್ನೇ ಹಿಡಿದುಕೊಂಡಿದ್ದಾರೆ.

ಆಯುರ್ವೇದವು ಈ ಪ್ರಶ್ನೆಗೆ ಇನ್ನಷ್ಟು ಹತ್ತಿರ ಬರುತ್ತದೆ. ವಾಗ್ಭಟನು ‘ಅಷ್ಟಾಂಗಹೃದಯ’ದ ದಿನಚರ್ಯಾಧ್ಯಾಯದಲ್ಲಿ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆನ್ನುತ್ತಾನೆ. ಆದರೆ ಎದ್ದೊಡನೆ ವ್ಯಾಯಾಮ ಮಾಡೆನ್ನುವುದಿಲ್ಲ. ನಡುವೆ ಶೌಚ, ದಂತಧಾವನಾದಿಗಳಿವೆ, ಮೈಗೆ ಎಣ್ಣೆ ತಿಕ್ಕಿಕೊಳ್ಳುವ ಅಭ್ಯಂಗವಿದೆ, ವ್ಯಾಯಾಮವು ಆಮೇಲಿನದು. ಬಲಿಷ್ಠನೂ ಸ್ನಿಗ್ಧಾಹಾರವುಳ್ಳವನೂ ಆದವನು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ ಎಂಬುದು ಅವನ ಮತ. ಅಜೀರ್ಣವುಳ್ಳವರಿಗೆ, ಬಾಲರಿಗೆ, ವೃದ್ಧರಿಗೆ ಅವನು ಅದನ್ನು ನಿಷೇಧಿಸುತ್ತಾನೆ. ಹೀಗಾಗಿ ಬೆಳಗಿನ ಹೊತ್ತನ್ನು ಶಾಸ್ತ್ರದ ಹೆಸರಿನಲ್ಲಿ ಸಮರ್ಥಿಸುವ ತರುಣರು ಆ ಶಾಸ್ತ್ರದ ಅರ್ಧವನ್ನಷ್ಟೇ ಓದಿದ್ದಾರೆ. ಚಳಿಯೇ ಶತ್ರುವೆಂದು ಅಂಜುವ ಪಾಲಕರು ಇನ್ನರ್ಧವನ್ನು ಓದಿಲ್ಲ.

ಹಾಸಿಗೆಗೂ ಭಾರಕ್ಕೂ ನಡುವೆ ಅಂತರವೇಕೆ ಬೇಕೆಂಬುದನ್ನು ಆಧುನಿಕ ವೈದ್ಯಶಾಸ್ತ್ರವು ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ನಮ್ಮ ಬೆನ್ನಿನ ಮಣಿಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ವೈದ್ಯರು ಡಿಸ್ಕ್ ಎನ್ನುವುದು ಇವನ್ನೇ. ಹಗಲೆಲ್ಲ ನಿಂತು ಕುಳಿತು ಮಾಡುವಾಗ ಶರೀರದ ತೂಕಕ್ಕೆ ಸಿಕ್ಕಿ ಅವುಗಳಲ್ಲಿನ ನೀರು ಸ್ವಲ್ಪ ಸ್ವಲ್ಪವಾಗಿ ಹೊರಹೋಗುತ್ತದೆ. ರಾತ್ರಿ ಮಲಗಿದಾಗ ಅವು ಮತ್ತೆ ನೀರನ್ನು ಹೀರಿ ಉಬ್ಬುತ್ತವೆ. ಆದುದರಿಂದಲೇ ಮನುಷ್ಯನು ಸಂಜೆಗಿಂತ ಬೆಳಿಗ್ಗೆ ಎತ್ತರವಾಗಿರುತ್ತಾನೆ. ವ್ಯತ್ಯಾಸ ಸುಮಾರು ಶೇಕಡ 1ರಷ್ಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎದ್ದ ಮೊದಲ ಒಂದು ಗಂಟೆಯಲ್ಲಿಯೇ ಇಳಿದುಹೋಗುತ್ತದೆ. ನೀರು ತುಂಬಿ ಬಿಗಿದ ಬಿಲ್ಲೆಯು ಬಾಗುವುದಕ್ಕೆ ಸುಲಭವಾಗಿ ಒಪ್ಪದು. 1987ರಲ್ಲಿ ಆಡಮ್ಸ್, ಡೋಲನ್, ಹಟನ್ ಎಂಬ ವಿದ್ವಾಂಸರು ಪ್ರಕಟಿಸಿದ ಅಧ್ಯಯನದಂತೆ, ಮುಂದಕ್ಕೆ ಬಾಗಿದಾಗ ಸೊಂಟದ ಬಿಲ್ಲೆಗಳ ಮೇಲೆ ಬೀಳುವ ಒತ್ತಡವು ನಸುಕಿನಲ್ಲಿ ದಿನದ ಉಳಿದ ಹೊತ್ತಿಗಿಂತ ಸುಮಾರು ಶೇಕಡ 300ರಷ್ಟು ಅಧಿಕ. ಕಟ್ಟುನರಗಳ ಮೇಲಿನದು ಶೇಕಡ 80ರಷ್ಟು ಅಧಿಕ. 1998ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬಹುಕಾಲದ ಸೊಂಟನೋವಿನವರು ಬೆಳಿಗ್ಗೆ ಎದ್ದೊಡನೆ ಬಾಗುವುದನ್ನು ಬಿಟ್ಟಾಗ ಅವರ ನೋವು ಕಡಿಮೆಯಾದುದು ಕಂಡುಬಂದಿತು.

ಕಲ್ಲನ್ನೆತ್ತುವ ಕ್ರಿಯೆಯನ್ನು ಇದರೊಡನೆ ಹೊಂದಿಸಿ ನೋಡಿರಿ. ಕಬ್ಬಿಣದ ಸರಳಾದರೆ ಮೊಣಕಾಲ ಕೆಳಗಿನ ಎತ್ತರದಲ್ಲಾದರೂ ಕೈಗೆ ಸಿಗುತ್ತದೆ. ಗುಂಡುಕಲ್ಲು ನೆಲದಲ್ಲಿಯೇ ಬಿದ್ದಿರುತ್ತದೆ, ಹಿಡಿಕೆಯೂ ಇಲ್ಲ. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸದೆ ಅದನ್ನು ತಬ್ಬಿಕೊಳ್ಳುವುದು ಕಷ್ಟ. ಬೆನ್ನು ಬಾಗಲು ಅತ್ಯಂತ ಅನರ್ಹವಾದ ಘಳಿಗೆಯಲ್ಲಿ ಅತ್ಯಂತ ಹೆಚ್ಚು ಬಾಗಿಸುವ ಸಾಹಸ ಇದು. ಜಾತ್ರೆಯ ಹತ್ತಿರದ ದಿನಗಳಲ್ಲಿ ‘ಸೊಂಟ ಹಿಡಿಯಿತು’ ಎಂದು ಗೋಡೆ ಹಿಡಿದು ನಡೆಯುವ ಹುಡುಗನನ್ನು ದೃಷ್ಟಿ ತಾಗಿತೆಂದು ಉಪಚರಿಸುವ ಮನೆಗಳು ಇನ್ನೂ ಇವೆ.

ಎರಡನೆಯ ಸಂಗತಿ ಉಸಿರಿನದು. ಭಾರವನ್ನೆತ್ತುವಾಗ ಉಸಿರನ್ನು ಬಿಗಿಹಿಡಿದರೆ ರಕ್ತದೊತ್ತಡವು ಕ್ಷಣಮಾತ್ರದಲ್ಲಿ ಏರುತ್ತದೆ. 1985ರ ಒಂದು ಪ್ರಯೋಗದಲ್ಲಿ, ಪಳಗಿದ ದೇಹದಾರ್ಢ್ಯ ಪಟುಗಳು ಕಾಲುಗಳಿಂದ ಭಾರವನ್ನು ಒತ್ತುವಾಗ ಅದು ಸರಾಸರಿ 320/250ಕ್ಕೆ ಮುಟ್ಟಿತ್ತು. ಆರೋಗ್ಯವಂತ ತರುಣನ ರಕ್ತನಾಳಗಳು ಇದನ್ನು ತಾಳಿಕೊಳ್ಳುತ್ತವೆ. ಆದರೆ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಐವತ್ತು ದಾಟಿದವರು ಎಷ್ಟೋ ಜನ ಈಗ ಜಿಮ್ಮಿನತ್ತ ಮುಖ ಮಾಡಿದ್ದಾರೆ. ಬೆಳಿಗ್ಗೆ ಏಳುವ ವೇಳೆಗೆ ರಕ್ತದೊತ್ತಡವು ಸಹಜವಾಗಿಯೇ ಏರತೊಡಗುತ್ತದೆ. ಹೃದಯಾಘಾತಗಳು ಬೆಳಗಿನ 6ರಿಂದ ಮಧ್ಯಾಹ್ನ 12ರ ನಡುವೆ ಹೆಚ್ಚೆಂಬುದು 1985ರಲ್ಲಿಯೇ ಪ್ರಕಟವಾಗಿದೆ. ಇದನ್ನು ಕೇಳಿ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಹೃದ್ರೋಗಿಗಳೇ ವೈದ್ಯರ ಮೇಲ್ವಿಚಾರಣೆಯಲ್ಲಿ ಬೆಳಿಗ್ಗೆ ವ್ಯಾಯಾಮ ಮಾಡಿದಾಗಲೂ ಮಧ್ಯಾಹ್ನ ಮಾಡಿದಾಗಲೂ ಅಪಾಯದಲ್ಲಿ ಗಣನೀಯ ಭೇದ ಕಾಣಲಿಲ್ಲವೆಂದು 1993ರ ಅಮೆರಿಕದ ಅಧ್ಯಯನವು ಹೇಳುತ್ತದೆ. ಅಂದರೆ ಗಡಿಯಾರದ ಮುಳ್ಳು ಅಪರಾಧಿಯಲ್ಲ. ರಕ್ತದೊತ್ತಡದವರು ವೈದ್ಯರನ್ನು ಕೇಳದೆ ಭಾರಕ್ಕೆ ಕೈಹಾಕಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಕೈಹಾಕಬಾರದು. ಎಲ್ಲರೂ ಎತ್ತುವಾಗ ಉಸಿರನ್ನು ಹೊರಬಿಡುವುದನ್ನು ಕಲಿಯಬೇಕು.

ಶರೀರದ ಉಷ್ಣತೆಯು ನಸುಕಿನಲ್ಲಿ ಅತಿ ಕಡಿಮೆಯಿದ್ದು ಸಂಜೆಯ ಹೊತ್ತಿಗೆ ಏರುವುದರಿಂದ ಸ್ನಾಯುಗಳ ಬಲವೂ ಸಂಜೆಗೇ ತುಸು ಹೆಚ್ಚು. ನಿತ್ಯವೂ ಬೆಳಿಗ್ಗೆಯೇ ಅಭ್ಯಾಸ ಮಾಡುವವರಲ್ಲಿ ಈ ವ್ಯತ್ಯಾಸವು ಬಹುಮಟ್ಟಿಗೆ ಕುಗ್ಗುತ್ತದೆ. ಭಾರವೆತ್ತಿದರೆ ಹುಡುಗರ ಬೆಳವಣಿಗೆ ನಿಲ್ಲುವುದೆಂಬ ಭಯವೂ ಆಧಾರವಿಲ್ಲದ್ದು. ತಿಳಿದವರ ಕಣ್ಣೆದುರಿನಲ್ಲಿ, ಹಗುರವಾದ ಭಾರದಿಂದ, ಸರಿಯಾದ ಭಂಗಿಯಲ್ಲಿ ಕಲಿತರೆ ಹಾನಿಯಿಲ್ಲ. ಒಬ್ಬನೇ ಕತ್ತಲಲ್ಲಿ ಪಂದ್ಯ ಕಟ್ಟಿ ಎತ್ತುವುದೇ ಹಾನಿ.

ವಿದ್ಯಾರ್ಥಿನಿಲಯದ ಮಟ್ಟಿಗೆ ಹೇಳುವುದಾದರೆ, 5 ಗಂಟೆಗೆ ಗಂಟೆ ಬಾರಿಸಿದರೆ 6ಕ್ಕೆ ಮೊದಲು ಯಾರೂ ಭಾರವನ್ನು ಮುಟ್ಟಬಾರದು. ನಡುವಿನ ವೇಳೆ ಮುಖಮಾರ್ಜನಕ್ಕೆ, ಒಂದು ಲೋಟ ನೀರಿಗೆ, ಮೈಗೆಣ್ಣೆಗೆ, ಬಯಲಿನಲ್ಲಿ ನಾಲ್ಕು ಸುತ್ತು ನಡಿಗೆಗೆ ಮೀಸಲಾಗಿರಲಿ. ಆಮೇಲೆ ಬೈಠಕ್ಕು, ಆಮೇಲೆ ಹಗುರವಾದ ಗದೆ, ಕಟ್ಟಕಡೆಗೆ ಭಾರ. ಕಲ್ಲನ್ನು ನೆಲದ ಮೇಲಿಡದೆ ಮೊಣಕಾಲೆತ್ತರದ ಕಟ್ಟೆಯ ಮೇಲಿಟ್ಟರೆ ಅರ್ಧ ತೊಂದರೆ ಅಲ್ಲಿಗೇ ಹೋಗುತ್ತದೆ. ವ್ಯಾಯಾಮಶಾಲೆಗೆ ದೊಡ್ಡ ದೊಡ್ಡ ತಟ್ಟೆಗಳನ್ನು ಕೊಡಲು ಮುಂದಾಗುವ ಉದಾರಿಗಳು ಇಂತಹ ಕಟ್ಟೆಯೊಂದನ್ನು ಕಟ್ಟಿಸಿಕೊಟ್ಟರೆ ಹೆಚ್ಚು ಉಪಕಾರವಾದೀತು. ಅದರ ಮೇಲೆ ಹೆಸರು ಕೆತ್ತಿಸಲು ಸ್ಥಳವೂ ಇರುತ್ತದೆ.

ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದವರೂ ಇದ್ದಾರೆ. ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಲಾರಿಗಳು ಓಡುತ್ತವೆ. ಅವು ನಸುಕಿನಲ್ಲಿ ಬಂದು ನಿಂತಾಗ ತೊಗರಿ, ಜೋಳದ ಚೀಲಗಳನ್ನಿಳಿಸಲು ಹಮಾಲರು ಹೋಗಲೇಬೇಕು. ನಮ್ಮಲ್ಲಿ ಓದುವ ಮಕ್ಕಳ ತಂದೆಯರಲ್ಲಿ ಅಂಥವರುಂಟು. ಅವರಿಗೆ ಜಿಮ್ಮಿನ ನಿಯಮಗಳನ್ನು ಬೋಧಿಸುವುದು ಹಾಸ್ಯಾಸ್ಪದ. ಆದರೆ ಮೊದಲ ಅರ್ಧ ಗಂಟೆ ಲಾರಿಯ ಪಾಟಿಯ ಮೇಲಿಂದ ಹೆಗಲಿಗೆ ನೇರವಾಗಿ ಚೀಲ ಪಡೆಯುವುದು, ನೆಲದ ಮೇಲಿನ ಚೀಲಗಳನ್ನು ಹೊತ್ತೇರಿದ ಮೇಲೆ ಮುಟ್ಟುವುದು, ನೆಲದಿಂದೆತ್ತಲೇಬೇಕಾದಾಗ ಇಬ್ಬರು ಸೇರಿ ಎತ್ತುವುದು, ಇಷ್ಟನ್ನು ಮಾಲೀಕರೂ ಮುಕಾದಮರೂ ಒಪ್ಪಿದರೆ ಯಾರಿಗೂ ಬಿಡಿಗಾಸಿನ ನಷ್ಟವಿಲ್ಲ. ಅಡತಿ ಅಂಗಡಿಗಳನ್ನು ನಡೆಸುವ ನಮ್ಮ ಹಳೆಯ ವಿದ್ಯಾರ್ಥಿಗಳು ಈ ಸುಗ್ಗಿಯಲ್ಲಿಯೇ ತಮ್ಮ ಅಂಗಳದಲ್ಲಿ ಇದನ್ನು ಆರಂಭಿಸಬಹುದು.