ಹನ್ನೆರಡು ಪದಗಳ ಚೀಟಿ ಎಲ್ಲಿಡಬೇಕು?



ಪಶ್ಚಿಮ ತಾಂಬರಂನಿಂದ ನಮ್ಮ ಹಿರಿಯ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. ಸಾಮಾನ್ಯವಾಗಿ ಹಳೆಯ ಚಿತ್ರಗೀತೆ ಕೋರುವವರು. ಈ ಸಲದ ಕೋರಿಕೆ ಬೇರೆ. ಮಗ ವಿದೇಶಕ್ಕೆ ಹೊರಡುವ ಮುನ್ನ ಅವರ ಮೊಬೈಲಿನಲ್ಲಿ ಬಿಟ್‌ಕಾಯಿನ್ ವ್ಯಾಲೆಟ್ ಹಾಕಿಕೊಟ್ಟು, ಹನ್ನೆರಡು ಇಂಗ್ಲಿಷ್ ಪದಗಳನ್ನು ಒಂದು ಚೀಟಿಯಲ್ಲಿ ಬರೆದು "ಜೋಪಾನ ಅಪ್ಪಾ" ಎಂದು ಹೇಳಿ ಹೋದನಂತೆ. ಇವರು ಚೀಟಿಯನ್ನು ದೇವರ ಮನೆಯಲ್ಲಿ ಪಂಚಾಂಗದ ಒಳಗೆ ಇಟ್ಟರು. ಯುಗಾದಿಗೆ ಹೊಸ ಪಂಚಾಂಗ ಬಂತು, ಹಳೆಯದು ರದ್ದಿಗೆ ಹೋಯಿತು. ಮೊಬೈಲಿನಲ್ಲಿ ವ್ಯಾಲೆಟ್ ಈಗಲೂ ತೆರೆಯುತ್ತದೆ. "ಹಾಗಾದರೆ ಚಿಂತೆ ಇಲ್ಲ ಅಲ್ಲವೇ?" ಎಂದು ಕೇಳಿದ್ದಾರೆ.

ಚಿಂತೆ ಇದೆ. ಆದರೆ ಕಾಲ ಮೀರಿಲ್ಲ. ಏಕೆಂದು ನೋಡೋಣ.

ಆ ಪದಗಳು ಏನು?

ವ್ಯಾಲೆಟ್ ಎಂದ ಕೂಡಲೇ ನಾಣ್ಯ ಅದರೊಳಗಿದೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ಯಾರ ವಿಳಾಸದಲ್ಲಿ ಎಷ್ಟು ಬಿಟ್‌ಕಾಯಿನ್ ಇದೆ ಎಂಬ ಲೆಕ್ಕ ಬ್ಲಾಕ್‌ಚೈನ್ ಎಂಬ ದೊಡ್ಡ ಖಾತೆ ಪುಸ್ತಕದಲ್ಲಿರುತ್ತದೆ. ಆ ಪುಸ್ತಕದ ಪ್ರತಿಗಳು ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿವೆ. ನಿಮ್ಮ ಬಳಿ ಇರುವುದು ಆ ಲೆಕ್ಕದಿಂದ ಹಣ ಕಳಿಸಲು ಬೇಕಾದ ಸಹಿ ಮಾತ್ರ. ಅದಕ್ಕೆ ಖಾಸಗಿ ಕೀಲಿ ಎನ್ನುತ್ತಾರೆ. ಅದು 256 ಬಿಟ್‌ಗಳ ಭಾರಿ ಸಂಖ್ಯೆ; ಬರೆದಿಡುವುದೂ ಕಷ್ಟ, ಓದಿ ಹೇಳುವುದೂ ಕಷ್ಟ. ಅದಕ್ಕಾಗಿ 2013ರಲ್ಲಿ ಒಂದು ಮಾದರಿ ಮಾಡಿದರು. 2048 ಸರಳ ಪದಗಳ ಪಟ್ಟಿಯಿಂದ ವ್ಯಾಲೆಟ್ ತಾನೇ 12 ಅಥವಾ 24 ಪದಗಳನ್ನು ಆರಿಸಿ ಕೊಡುತ್ತದೆ. ಅದೇ ಪದಗಳನ್ನು ಅದೇ ಕ್ರಮದಲ್ಲಿ ಇನ್ನೊಂದು ಫೋನಿಗೆ ಕೊಟ್ಟರೆ ಎಲ್ಲ ಕೀಲಿಗಳೂ ಮತ್ತೆ ಹುಟ್ಟುತ್ತವೆ.

ಆದ್ದರಿಂದ ಪದಗಳು ಯಾರ ಕೈಯಲ್ಲಿವೆಯೋ ಹಣ ಅವರದೇ. ಪಾಸ್‌ಬುಕ್ ಕಳೆದರೆ ಬ್ಯಾಂಕಿಗೆ ಹೋಗಿ ಅರ್ಜಿ ಕೊಡಬಹುದು. ಇಲ್ಲಿ ಶಾಖೆಯೂ ಇಲ್ಲ, ಮ್ಯಾನೇಜರೂ ಇಲ್ಲ. ನಮ್ಮ ಹಿರಿಯರ ಮೊಬೈಲು ನಾಳೆ ನೀರಿಗೆ ಬಿದ್ದರೆ ಹಣಕ್ಕೆ ದಾರಿಯಿಲ್ಲ. ರದ್ದಿ ಅಂಗಡಿಯಲ್ಲಿ ಚೀಟಿಯ ಅರ್ಥ ತಿಳಿದವರ ಕೈಗೆ ಅದು ಸಿಕ್ಕರೆ, ಮೊಬೈಲು ಜೇಬಿನಲ್ಲೇ ಇದ್ದರೂ ಹಣ ಹೋಗುತ್ತದೆ.

ಕೀಲಿ ಬೇರೆಯವರ ಬಳಿ ಇದ್ದರೆ?

"ಇಷ್ಟು ತಲೆನೋವು ಏಕೆ, ಎಕ್ಸ್‌ಚೇಂಜ್‌ನಲ್ಲೇ ಇರಲಿ" ಎನ್ನುವವರು ಬಹಳ. ಅಲ್ಲಿ ಪಾಸ್‌ವರ್ಡ್ ಮಾತ್ರ ನಿಮ್ಮದು, ಕೀಲಿ ಕಂಪನಿಯದು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತೀಯ ಎಕ್ಸ್‌ಚೇಂಜ್‌ನ ಒಂದು ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ಆ ವ್ಯಾಲೆಟ್‌ಗೆ ಒಂದಲ್ಲ, ಆರು ಸಹಿದಾರರಿದ್ದರು. ಕಂಪನಿಯೇ ಹೇಳಿದಂತೆ, ಪರದೆಯ ಮೇಲೆ ಕಂಡದ್ದೇ ಒಂದು, ನಿಜವಾಗಿ ಸಹಿ ಬಿದ್ದದ್ದೇ ಇನ್ನೊಂದು. ಇದು ಉತ್ತರ ಕೊರಿಯಾದ ಕಳ್ಳರ ಕೆಲಸವೆಂದು 2025ರ ಜನವರಿಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸರ್ಕಾರಗಳು ಜಂಟಿಯಾಗಿ ಹೇಳಿದವು. ಗ್ರಾಹಕರ ಖಾತೆಗಳು ಸ್ತಬ್ಧವಾದವು. ಅಲ್ಲಿ ವಹಿವಾಟು ಮತ್ತೆ ಶುರುವಾದದ್ದು 2025ರ ಅಕ್ಟೋಬರ್ ಕೊನೆಯಲ್ಲಿ.

ಇದರ ಒಂದು ಎಳೆ ನಮ್ಮ ಚೆನ್ನೈಗೂ ಬಂತು. ತಾಂಬರಂನಿಂದ ಬೀಚ್ ಕಡೆಯ ಲೋಕಲ್ ಹತ್ತಿ ಕೋಟೆ ನಿಲ್ದಾಣದಲ್ಲಿ ಇಳಿದರೆ ಹತ್ತಿರವೇ ಹೈಕೋರ್ಟು. 2024ರ ಜನವರಿಯಲ್ಲಿ ಸುಮಾರು ಎರಡು ಲಕ್ಷ ರೂಪಾಯಿ ಕೊಟ್ಟು ಎಕ್ಸ್‌ಆರ್‌ಪಿ ಎಂಬ ನಾಣ್ಯ ಕೊಂಡಿದ್ದ ಮಹಿಳೆಯೊಬ್ಬರು ಅಲ್ಲಿ ಮೊರೆ ಹೋದರು. ಕಳುವಾದದ್ದು ಬೇರೆ ಜಾತಿಯ ನಾಣ್ಯ, ತಮ್ಮದಲ್ಲ. ಆ ನಷ್ಟವನ್ನು ತಮ್ಮ ಮೇಲೂ ಹಂಚುವುದು ಸರಿಯೇ ಎಂಬುದು ಅವರ ವಾದ. 2025ರ ಅಕ್ಟೋಬರ್ 25ರಂದು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ಕ್ರಿಪ್ಟೋಕರೆನ್ಸಿ ಒಂದು ಆಸ್ತಿ, ಅದನ್ನು ಹೊಂದಬಹುದು, ಅನುಭವಿಸಬಹುದು, ಇನ್ನೊಬ್ಬರಿಗಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದು ಎಂದು ಹೇಳಿ ಅವರಿಗೆ ಮಧ್ಯಂತರ ರಕ್ಷಣೆ ನೀಡಿದರು. ದೊಡ್ಡ ಮಾತೇ ಸರಿ. ಆದರೆ ಗಮನಿಸಿ, ತಮ್ಮದೇ ಆಸ್ತಿಗಾಗಿ ಅವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಬೆಂಗಳೂರಿನ ಪಾಠ ಇನ್ನೊಂದು. 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಕಂಪನಿಯ ಸ್ವಂತ ವ್ಯವಹಾರದ ಖಾತೆಯಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಗ್ರಾಹಕರ ಹಣಕ್ಕೆ ತೊಂದರೆಯಾಗಿಲ್ಲ ಎಂದು ಕಂಪನಿ ತಿಳಿಸಿತು. ಪೊಲೀಸರ ತನಿಖೆಯ ಪ್ರಕಾರ, ಕಚೇರಿ ಲ್ಯಾಪ್‌ಟಾಪಿನಲ್ಲಿ ಅಪರಿಚಿತರ ಅರೆಕಾಲಿಕ ಕೆಲಸ ಮಾಡುತ್ತಿದ್ದ ನೌಕರರೊಬ್ಬರ ಲಾಗಿನ್ ಮೂಲಕ ಕಳ್ಳರು ಒಳನುಗ್ಗಿದರು. ಭಾರಿ ಬೀಗ ಇದ್ದರೂ ಕಿಟಕಿ ತೆರೆದಿದ್ದರೆ ಸಾಕು ನೋಡಿ.

ಮನೆಯಲ್ಲಿ ಮಾಡಬೇಕಾದದ್ದು

ಮೊದಲನೆಯದು, ಪದಗಳನ್ನು ಕಾಗದದ ಮೇಲೆ ಕೈಯಿಂದ ಬರೆಯಿರಿ. ಫೋಟೋ ತೆಗೆಯಬೇಡಿ, ವಾಟ್ಸ್‌ಆಪ್, ಇಮೇಲ್, ಮೊಬೈಲ್ ನೋಟ್ಸ್ ಯಾವುದರಲ್ಲೂ ಹಾಕಬೇಡಿ. ಫೋನಿನ ಫೋಟೋಗಳಲ್ಲಿ ಅಕ್ಷರ ಓದಿ ಇಂಥ ಪದಗಳನ್ನು ಹುಡುಕುವ ಕಳ್ಳ ತಂತ್ರಾಂಶವು ಪ್ಲೇ ಸ್ಟೋರ್, ಆಪ್ ಸ್ಟೋರ್ ಎರಡರ ಆಪ್‌ಗಳಲ್ಲೂ ಸೇರಿಕೊಂಡಿದ್ದದ್ದು 2025ರ ಫೆಬ್ರವರಿಯಲ್ಲಿ ಬೆಳಕಿಗೆ ಬಂತು.

ಎರಡನೆಯದು ನಮಗೇ ವಿಶೇಷ. ಆ ಮಾದರಿಯ ಪದಪಟ್ಟಿ ಜಪಾನಿ, ಸ್ಪ್ಯಾನಿಷ್, ಕೊರಿಯನ್ ಮುಂತಾದ ಭಾಷೆಗಳಲ್ಲಿದೆ, ಕನ್ನಡದಲ್ಲಿಲ್ಲ. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಮುಂದೆ ಕಾಗುಣಿತ ಯಾವುದೆಂದು ಗೊಂದಲವಾಗುತ್ತದೆ. ಕನ್ನಡಾಭಿಮಾನ ಇಲ್ಲಿ ಬೇಡ; ಇಂಗ್ಲಿಷ್ ಅಕ್ಷರದಲ್ಲೇ, ಬಿಡಿಸಿ, ಕ್ರಮಸಂಖ್ಯೆ ಹಾಕಿ ಬರೆಯಿರಿ.

ಮೂರನೆಯದು, ಎರಡು ಪ್ರತಿ, ಎರಡು ಮನೆ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಮುಡಿಚ್ಚೂರು, ವರದರಾಜಪುರಂ ಕಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ತಾಂಬರಂನವರು ಮರೆಯಲಾರರು. 2023ರ ಮಿಚಾಂಗ್ ಚಂಡಮಾರುತದಲ್ಲೂ ಅದೇ ಪಾಡು. ಒಂದು ಪ್ರತಿ ಇಲ್ಲಿರಲಿ, ಇನ್ನೊಂದು ಬ್ಯಾಂಕ್ ಲಾಕರಿನಲ್ಲೋ ಊರಿನ ಮನೆಯಲ್ಲೋ ಇರಲಿ. ಕಾಗದ ನೆನೆದೀತೆಂಬ ಭಯವಿದ್ದರೆ ಸ್ಟೀಲ್ ತಗಡಿನ ಮೇಲೆ ಕೊರೆದಿಡಬಹುದು. ಆದರೆ ಪಾತ್ರೆಗೆ ಹೆಸರು ಹಾಕಿಸುವಂತೆ ಅಂಗಡಿಯಲ್ಲಿ ಕೊಟ್ಟು ಕೊರೆಸಬೇಡಿ. ಓದಿದವನಿಗೂ ಅದು ಕೀಲಿಯೇ.

ನಾಲ್ಕನೆಯದು, ಮೊತ್ತ ದೊಡ್ಡದಾದರೆ ಹಾರ್ಡ್‌ವೇರ್ ವ್ಯಾಲೆಟ್ ಕೊಳ್ಳಿ. ಪೆನ್‌ಡ್ರೈವ್‌ನಂಥ ಈ ಸಾಧನದಿಂದ ಕೀಲಿ ಹೊರಗೆ ಬರುವುದಿಲ್ಲ. ತಯಾರಕರಿಂದಲೇ ಹೊಸದನ್ನು ತರಿಸಿ. ಪದಗಳನ್ನು ಮೊದಲೇ ಅಚ್ಚು ಹಾಕಿ ಕೊಟ್ಟಿದ್ದರೆ ಅದು ಮೋಸ. ಹಣ ಕಳಿಸುವಾಗ ವಿಳಾಸವನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಮೊದಲ ಮತ್ತು ಕೊನೆಯ ನಾಲ್ಕಕ್ಷರ ಹೊಂದುವ ಸುಳ್ಳು ವಿಳಾಸಗಳೂ ಇವೆ.

ಐದನೆಯದು, ಪದ ಕೇಳುವವರು ಯಾರೇ ಆಗಲಿ, ಕಳ್ಳರು. ಕಸ್ಟಮರ್ ಕೇರ್, ಬ್ಯಾಂಕ್, ಪೊಲೀಸ್ ಎಂದು ಹೇಳಿಕೊಂಡರೂ ಕೊಡಬೇಡಿ. "ಹೋದ ಹಣ ವಾಪಸ್ ಕೊಡಿಸುತ್ತೇವೆ" ಎನ್ನುವವರನ್ನೂ ನಂಬಬೇಡಿ. ಮೋಸ ಆಗಿಯೇ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಯದು, ಮನೆಯವರಿಗೆ ತಿಳಿದಿರಲಿ. ಕ್ವಾಡ್ರಿಗಾ ಎಂಬ ಕೆನಡಾದ ಎಕ್ಸ್‌ಚೇಂಜ್‌ನ ಮಾಲೀಕ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡರು. ಕೀಲಿಗಳು ಅವರೊಬ್ಬರಿಗೇ ಗೊತ್ತಿದ್ದವು ಎಂದು ಕಂಪನಿ ಹೇಳಿತು. ಹಣವನ್ನು ಅವರು ಬದುಕಿದ್ದಾಗಲೇ ಬಹುಪಾಲು ಕಳೆದಿದ್ದರೆಂದು ತನಿಖೆಯಿಂದ ಆಮೇಲೆ ತಿಳಿಯಿತು. ಆದರೆ ಒಬ್ಬರ ತಲೆಯಲ್ಲಿ ಮಾತ್ರ ಇರುವ ಕೀಲಿ ಅವರೊಡನೆಯೇ ಹೋಗುತ್ತದೆ ಎಂಬುದೇನೂ ಸುಳ್ಳಲ್ಲ. ಉಯಿಲಿನಲ್ಲಿ ಪದಗಳನ್ನು ಬರೆಯಬೇಡಿ, ಅದನ್ನು ಹಲವರು ಓದುತ್ತಾರೆ. ಪತ್ನಿಗೋ ಪತಿಗೋ ಮಕ್ಕಳಿಗೋ ಚೀಟಿ ಇರುವ ಜಾಗವನ್ನು ತೋರಿಸಿ.

ಇದು ಹಣ ಹೂಡಿ ಎಂಬ ಸಲಹೆಯಲ್ಲ. ಕ್ರಿಪ್ಟೋ ನಮ್ಮಲ್ಲಿ ಕಾನೂನುಬದ್ಧ ಹಣವಲ್ಲ. ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆಯಿದೆ. ಈಗಾಗಲೇ ಇಟ್ಟುಕೊಂಡವರಿಗಾಗಿ ಇಷ್ಟು ಹೇಳಿದೆ.

ಇನ್ನು ನಮ್ಮ ಹಿರಿಯರಿಗೆ ಉತ್ತರ. ಸರ್, ಹಳೆಯ ಚೀಟಿ ಹುಡುಕಲು ರದ್ದಿ ಅಂಗಡಿಗೆ ಓಡಬೇಡಿ. ಫೋನು ಕೆಲಸ ಮಾಡುತ್ತಿರುವಾಗಲೇ ಮಗನನ್ನು ವಿಡಿಯೋ ಕರೆಯಲ್ಲಿ ಕರೆದು, ಹೊಸ ವ್ಯಾಲೆಟ್ ತೆರೆಯಿರಿ. ಬರುವ ಹೊಸ ಹನ್ನೆರಡು ಪದಗಳನ್ನು ಬರೆದುಕೊಳ್ಳಿ; ಕ್ಯಾಮರಾಕ್ಕೆ ಮಾತ್ರ ತೋರಿಸಬೇಡಿ. ಬರೆದದ್ದು ಸರಿಯಿದೆಯೇ ಎಂದು ವ್ಯಾಲೆಟ್ಟಿನಲ್ಲೇ ಪರೀಕ್ಷಿಸಿ. ಮೊದಲು ಸ್ವಲ್ಪ ಮೊತ್ತ ಕಳಿಸಿ, ತಲುಪಿದ ಮೇಲೆ ಉಳಿದದ್ದನ್ನೂ ಅಲ್ಲಿಗೆ ಸಾಗಿಸಿ. ಆಗ ಹಳೆಯ ಚೀಟಿ ಯಾರ ಕೈಗೆ ಸಿಕ್ಕರೂ ಬರೀ ಕಾಗದ.

ಹೊಸ ಚೀಟಿ ಪಂಚಾಂಗದಲ್ಲಿ ಮಾತ್ರ ಬೇಡ. ಕೆಲಸ ಮುಗಿದ ಮೇಲೆ ಒಂದು ಸಾಲು ಬರೆಯಿರಿ. ನೀವು ಕೋರಿದ ಹಾಡಿನ ಜೊತೆ ಆ ಸಮಾಚಾರವನ್ನೂ ಓದುತ್ತೇನೆ.