ಮೊಳದಗಲದ ದಾರಿಗೆ ಹನ್ನೆರಡು ಚದರ ಕಿಲೊಮೀಟರ್ ಕಾಡು

ಕಾಶ್ಮೀರದ ಹಂಗುಲ್ ಜಿಂಕೆಗಳು 2025ರ ಗಣತಿಯಲ್ಲಿ 323. ಅದಕ್ಕೂ ಹಿಂದೆ 2023ರಲ್ಲಿ 289, 2021ರಲ್ಲಿ 261, 2019ರಲ್ಲಿ 237. 2008ರಲ್ಲಿ 127ಕ್ಕೆ ಕುಸಿದಿದ್ದ ಸಂಖ್ಯೆ ಹದಿನೇಳು ವರ್ಷಗಳಲ್ಲಿ ಎರಡೂವರೆ ಪಟ್ಟಾಗಿದೆ. ವರ್ಷಕ್ಕೆ ಸರಾಸರಿ ಶೇ 5.6ರ ಏರಿಕೆ. ಸಂತೋಷಪಡುವ ಸುದ್ದಿಯೇ. ಆದರೆ ಇದರ ಪಕ್ಕಕ್ಕೆ ಇನ್ನೊಂದು ಅಂಕಿ ಇಟ್ಟು ನೋಡಬೇಕು. 1980ರಲ್ಲಿ ಇವು 340ಕ್ಕೂ ಹೆಚ್ಚಿದ್ದವು. ನಲವತ್ತೈದು ವರ್ಷಗಳ ನಂತರದ ಗಣತಿಯ ಸಂಖ್ಯೆ ಅದಕ್ಕಿಂತಲೂ ಕಡಿಮೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೂರು ಸಾವಿರದಿಂದ ಐದು ಸಾವಿರ ಇದ್ದವೆಂಬ ಅಂದಾಜನ್ನಂತೂ ಈಗ ನೆನೆಸಿಕೊಳ್ಳುವುದೇ ಕಷ್ಟ.

ಮೊದಲ ದೊಡ್ಡ ಕುಸಿತಕ್ಕೆ ಬೇಟೆ ಮತ್ತು ಕಾಡಿನ ನಾಶ ಕಾರಣ. ಆಮೇಲಿನ ಏಳುಬೀಳಿಗೆ ಅದಷ್ಟೇ ಉತ್ತರವಾಗದು. ಹಂಗುಲ್‌ಗಳ ಮುಖ್ಯ ನೆಲೆಯಾದ ದಾಚಿಗಾಮ್ ಹೊಸದಾಗಿ ಕಾಯತೊಡಗಿದ ಜಾಗವಲ್ಲ. ಶ್ರೀನಗರದ ಕುಡಿಯುವ ನೀರಿಗಾಗಿ 1910ರಲ್ಲೇ ಅದಕ್ಕೆ ರಕ್ಷಣೆ ಸಿಕ್ಕಿತು, 1951ರಲ್ಲಿ ಅಭಯಾರಣ್ಯವಾಯಿತು, 1981ರಲ್ಲಿ ರಾಷ್ಟ್ರೀಯ ಉದ್ಯಾನ. ನಕ್ಷೆಯ ಮೇಲೆ 141 ಚದರ ಕಿ.ಮೀ. ಅಷ್ಟನ್ನೂ ಜಿಂಕೆ ಬಳಸಬಲ್ಲದೇ, ಬಳಸುವುದಾದರೆ ಯಾವ ತಿಂಗಳಲ್ಲಿ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿಲ್ಲ. ಮನುಷ್ಯ ಸುಮ್ಮನೆ ನಡೆದುಹೋದರೂ ಬೆಟ್ಟದ ಜಿಂಕೆ ಎಷ್ಟು ನೆಲ ಬಿಟ್ಟುಕೊಡುತ್ತದೆ ಎಂಬುದನ್ನು ಅಳತೆ ಹಿಡಿದು ನೋಡಿದವರಿದ್ದಾರೆ. ಆ ಅಳತೆಗಳು ಅಮೆರಿಕದ ಎಲ್ಕ್ ಜಿಂಕೆಯವು. ಎಲ್ಕ್ ಹಂಗುಲ್‌ಗೆ ಹತ್ತಿರದ ಬಂಧು; ಎರಡೂ ಚಳಿಗಾಲಕ್ಕೆ ಕೆಳಗಿಳಿದು ಬೇಸಿಗೆಗೆ ಮೇಲಿನ ಹುಲ್ಲುಗಾವಲಿಗೆ ಏರುವಂಥವು.

ಆರೆಗನ್ ರಾಜ್ಯದ ಬ್ಲೂ ಮೌಂಟನ್ಸ್ ಬೆಟ್ಟಸಾಲಿನಲ್ಲಿ ಸ್ಟಾರ್ಕಿ ಎಂಬ ಸಂಶೋಧನಾ ಅರಣ್ಯವಿದೆ. ಸುಮಾರು 100 ಚದರ ಕಿ.ಮೀ. ಕಾಡಿಗೆ ಸುತ್ತಲೂ ಎತ್ತರದ ಬೇಲಿ. ಒಳಗಿನ ಎಲ್ಕ್‌ಗಳಲ್ಲಿ ಕೆಲವಕ್ಕೆ ಕಾಲರ್ ತೊಡಿಸಿ, ಅದೇ ದಾರಿಗಳಲ್ಲಿ ಕಾಲ್ನಡಿಗೆಯವರನ್ನು, ಕುದುರೆ ಸವಾರರನ್ನು, ಬೆಟ್ಟದ ಸೈಕಲ್‌ನವರನ್ನು, ನಾಲ್ಕು ಚಕ್ರದ ಮೋಟಾರು ಬೈಕಿನವರನ್ನು ಬೇರೆ ಬೇರೆ ವಾರ ಕಳಿಸಿ ನೋಡಿದರು. ಜನ ಸಾಗುವಾಗ ಎಲ್ಕ್ ಕಾಯ್ದುಕೊಂಡ ದೂರ, ಯಾರು ಬಂದರು ಎಂಬುದರ ಮೇಲೆ, ಸರಾಸರಿ 558ರಿಂದ 879 ಮೀಟರ್. ಮೋಟಾರು ಬೈಕಿಗೆ ಅತಿ ಹೆಚ್ಚು. ನಡೆದು ಹೋದವರಿಂದಲೂ ಅವು ಸರಾಸರಿ ಅರ್ಧ ಕಿಲೊಮೀಟರಿಗಿಂತ ಹೆಚ್ಚು ದೂರ ಉಳಿದವು. ಮರದ ಮರೆ, ದಿಣ್ಣೆಯ ಮರೆ, ಒಟ್ಟಿನಲ್ಲಿ ದಾರಿಯಿಂದ ಕಣ್ಣಿಗೆ ಬೀಳದ ಜಾಗಕ್ಕೆ ಸರಿದುಕೊಂಡವು.

ಈ ಅಂಕಿಯನ್ನು ಗುಣಿಸಿ ನೋಡಿ. ಹತ್ತು ಕಿಲೊಮೀಟರ್ ಉದ್ದದ, ಮೊಳದಗಲದ ಒಂದು ಕಾಲುದಾರಿ. ಎರಡೂ ಬದಿಗೆ 600 ಮೀಟರ್ ಬಿಟ್ಟರೆ 12 ಚದರ ಕಿ.ಮೀ. ಕಾಡು ಹೋಯಿತು. ಒಂದು ಮರ ಬಿದ್ದಿಲ್ಲ, ಒಂದು ಗುಂಡು ಹಾರಿಲ್ಲ. ದಾಚಿಗಾಮ್‌ನಷ್ಟು ದೊಡ್ಡ ಉದ್ಯಾನದಲ್ಲಿ ಅದು ಶೇ 8.5. ಅಂಥ ಮೂರು ದಾರಿ ದೂರದೂರ ಇದ್ದರೆ ಕಾಲು ಭಾಗ. ನಿಜ, ನಡುವೆ ದಿಣ್ಣೆ ಇದ್ದರೆ ನಷ್ಟ ಕಡಿಮೆ. ಜನ ಓಡಾಡದ ದಿನ ಜಿಂಕೆ ಮರಳಿಯೂ ಬರಬಹುದು. ಆದರೆ ದಿನವೂ ಜನ ಹಾಯುವ ದಾರಿಯಲ್ಲಿ ಅಂಥ ದಿನವೇ ಬರುವುದಿಲ್ಲ. ಅರಣ್ಯ ಇಲಾಖೆಗಳ ಕಡತದಲ್ಲಿ ಮಾತ್ರ ಇಂಥ ದಾರಿಗೆ ಹಿಡಿಯುವ ಲೆಕ್ಕ ಅದರ ಉದ್ದ, ಅಗಲ, ಕಲ್ಲು ಹಾಸಿದ ಖರ್ಚು.

ಜಾಗ ಬಿಟ್ಟುಕೊಟ್ಟರೆ ಏನಾಯಿತು, ಪಕ್ಕದ ಗುಡ್ಡದಲ್ಲಿ ಮೇದುಕೊಳ್ಳಲಿ ಎನ್ನುವವರಿಗೆ ಕೊಲೊರಾಡೊದ ಪ್ರಯೋಗ ಉತ್ತರ ಕೊಡುತ್ತದೆ. ಅಲ್ಲಿನ ವೇಲ್ ಪಟ್ಟಣದ ಸುತ್ತಲ ಬೆಟ್ಟಗಳಲ್ಲಿ 1990ರ ದಶಕದ ಮಧ್ಯದಲ್ಲಿ ಸಂಶೋಧಕರು ಕಾಲರ್ ತೊಡಿಸಿದ ಹೆಣ್ಣು ಎಲ್ಕ್‌ಗಳನ್ನು ಎರಡು ಗುಂಪು ಮಾಡಿಕೊಂಡರು. ಒಂದು ಗುಂಪನ್ನು ಅದರ ಪಾಡಿಗೆ ಬಿಟ್ಟರು. ಇನ್ನೊಂದರ ಬಳಿಗೆ ಮರಿ ಹಾಕುವ ಕಾಲದಲ್ಲಿ ನಡೆದು ಹೋದರು. ಅದು ಎದ್ದು ಸರಿಯುವವರೆಗೆ ಹೋಗುವುದು, ಹಿಂದಿರುಗುವುದು, ಅಷ್ಟೇ. ಹೀಗೆ ಕದಲಿಸಿದ ಗುಂಪಿನಲ್ಲಿ ತಾಯಿಯೊಂದಕ್ಕೆ ಸರಾಸರಿ 0.225 ಮರಿ ಕಡಿಮೆಯಾಯಿತು. ನೂರು ತಾಯಂದಿರಿಗೆ ಇಪ್ಪತ್ತೆರಡು ಮರಿಗಳ ನಷ್ಟ.

ಇದರ ಮೇಲೆ ಅವರು ಕಟ್ಟಿದ ಲೆಕ್ಕ ಇನ್ನೂ ಗಂಭೀರ. ಯಾರೂ ಕದಲಿಸದಿದ್ದರೆ ಹಿಂಡು ವರ್ಷಕ್ಕೆ ಶೇ 7ರಂತೆ ಬೆಳೆಯುತ್ತದೆ. ಒಂದೊಂದು ತಾಯಿಯನ್ನು ಮರಿ ಹಾಕುವ ಕಾಲದಲ್ಲಿ ಹೆಚ್ಚುವರಿಯಾಗಿ ಹತ್ತು ಸಲ ಎಬ್ಬಿಸಿದರೆ ಬೆಳವಣಿಗೆ ಸೊನ್ನೆ. ಶೇ 7ರಲ್ಲಿ ನೂರರ ಹಿಂಡು ಹತ್ತು ವರ್ಷಕ್ಕೆ ಸುಮಾರು 200 ಆಗುತ್ತದೆ. ಸೊನ್ನೆಯಲ್ಲಿ ನೂರಾಗಿಯೇ ಉಳಿಯುತ್ತದೆ. ಹುಟ್ಟಬೇಕಿದ್ದ, ಬದುಕಬೇಕಿದ್ದ ಆ ನೂರು ಜಿಂಕೆಗಳು ಯಾವ ಸಾವಿನ ಪಟ್ಟಿಗೂ ಸೇರುವುದಿಲ್ಲ. ನನ್ನನ್ನು ಕಾಡುವುದು ಇದೇ. ಜನರ ಕಾಟ ನಿಲ್ಲಿಸಿದ ಮೇಲೆ ಮರಿಗಳ ಸಂಖ್ಯೆ ಮೊದಲಿನ ಮಟ್ಟಕ್ಕೆ ಬಂತು ಎಂಬುದು ಅದೇ ಅಧ್ಯಯನದ ಮುಂದುವರಿಕೆ ತಿಳಿಸಿದ ಒಳ್ಳೆಯ ಸಂಗತಿ.

ಆದರೆ ವೇಲ್ ಕಣಿವೆಯಲ್ಲಿ ಜನ ನಿಲ್ಲಲಿಲ್ಲ, ಹೆಚ್ಚಿದರು. 2009ರಿಂದ ಒಂದು ದಶಕದಲ್ಲಿ ಅಲ್ಲಿನ ಚಾರಣದ ದಾರಿಗಳ ಬಳಕೆ ದುಪ್ಪಟ್ಟಾಯಿತು, ರಾತ್ರಿಯ ಓಡಾಟವೂ ಶುರುವಾಯಿತು. ಹಿಂದೆ ಸಾವಿರಕ್ಕೂ ಹೆಚ್ಚು ಎಲ್ಕ್ ಸಿಗುತ್ತಿದ್ದ ಒಂದು ವಲಯದಲ್ಲಿ 2019ರ ಫೆಬ್ರುವರಿಯ ಎಣಿಕೆಗೆ ಸಿಕ್ಕಿದ್ದು 53. ಒಂದು ಸಲದ ಎಣಿಕೆಯನ್ನು ಪೂರ್ತಿ ನಂಬಬಾರದು, ಕಾರಣಗಳೂ ಹಲವು ಇರಬಹುದು. ಹಾಗೆಂದು ಸಾವಿರಕ್ಕೂ ಐವತ್ತಮೂರಕ್ಕೂ ನಡುವಿನ ಅಂತರವನ್ನು ಎಣಿಕೆಯ ತಪ್ಪೆಂದು ತಳ್ಳಿಹಾಕಲಾಗದು.

ಸದ್ದಿಲ್ಲದೆ ಹೋದರೆ ತೊಂದರೆಯಿಲ್ಲ ಎಂಬ ನಂಬಿಕೆ ಚಾರಣಿಗರಲ್ಲಿ ಗಟ್ಟಿಯಾಗಿದೆ. ನಾರ್ವೆಯ ಕಾಡು ಹಿಮಸಾರಂಗಗಳು ಬೇರೆ ಮಾತು ಹೇಳುತ್ತವೆ: ಹಿಮದ ಬೈಕ್ ಎದುರಾದಾಗ ಅವು ಸರಾಸರಿ 660 ಮೀಟರ್ ದೂರ ಸರಿದವು, ಸ್ಕೀ ಮೇಲೆ ಮೌನವಾಗಿ ಬಂದವರನ್ನು ಕಂಡಾಗ 970 ಮೀಟರ್. ಸ್ಟಾರ್ಕಿಯ ಎಲ್ಕ್‌ಗೆ ಯಂತ್ರದ ಭಯ ಹೆಚ್ಚು, ಇವಕ್ಕೆ ಮನುಷ್ಯಾಕೃತಿಯದೇ ಹೆಚ್ಚು. ಎಲ್ಲ ಬೆಟ್ಟಕ್ಕೂ ಒಂದೇ ಅಳತೆ ಹೊಂದುವುದಿಲ್ಲವೆಂದೇ ದಾಚಿಗಾಮ್‌ಗೆ ಅದರದೇ ಅಳತೆ ಬೇಕು.

ಅಲ್ಲಿ ಕಾಟದ ಬಗೆಯೂ ಬೇರೆ. ಉದ್ಯಾನದ ಕೆಳಭಾಗ ಸುಮಾರು 1,700 ಮೀಟರ್ ಎತ್ತರದಿಂದ ಶುರುವಾಗುತ್ತದೆ, ಮೇಲ್ಭಾಗ 4,000 ಮೀಟರ್ ದಾಟುತ್ತದೆ. ವಿಸ್ತಾರದಲ್ಲಿ ಮೇಲ್ಭಾಗವೇ ದೊಡ್ಡದು, ಬೇಸಿಗೆಯ ಎಳೆ ಹುಲ್ಲು ಇರುವುದೂ ಅಲ್ಲೇ. ಹಂಗುಲ್ ಮರಿ ಹಾಕುವುದು ಮೇ-ಜೂನ್‌ನಲ್ಲಿ, ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಹಾಲೂಡುವ ತಾಯಿಗೆ ಗರ್ಭದ ದಿನಗಳಿಗಿಂತ ಹೆಚ್ಚು ಮೇವು ಬೇಕು. ಸರಿಯಾಗಿ ಆ ಹೊತ್ತಿಗೆ ಗುಜ್ಜರ್, ಬಕರ್‌ವಾಲ್ ಕುರಿಗಾಹಿಗಳು ಮಂದೆಯನ್ನೂ ಕಾವಲು ನಾಯಿಗಳನ್ನೂ ಕಟ್ಟಿಕೊಂಡು ಅದೇ ಹುಲ್ಲುಗಾವಲಿಗೆ ಏರುತ್ತಾರೆ. ಕೆಳಭಾಗದಲ್ಲೂ ನೆಮ್ಮದಿಯಿರಲಿಲ್ಲ, ಉದ್ಯಾನದೊಳಗೇ ಸರ್ಕಾರಿ ಕುರಿ ಸಾಕಣೆ ಕೇಂದ್ರವೊಂದು ದಶಕಗಳ ಕಾಲ ನಡೆಯಿತು. 323ನ್ನು 141ರಿಂದ ಭಾಗಿಸಿದರೆ ಚದರ ಕಿ.ಮೀ.ಗೆ 2.3 ಜಿಂಕೆ. ಬೇಸಿಗೆಯಲ್ಲಿ ಅರ್ಧ ನೆಲವೇ ದಕ್ಕಿದರೆ ಅದು 4.6. ಚಿರತೆ ಇರುವ ಕಾಡಿನಲ್ಲಿ ಮರಿಗಳು ಒಂದೇ ಕಡೆ ಒತ್ತೊತ್ತಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಜಿಂಕೆ ಜಾಗದ ಬದಲು ಹೊತ್ತನ್ನೂ ಬಿಟ್ಟುಕೊಡಬಹುದು. 62 ಬಗೆಯ ಸಸ್ತನಿಗಳ ಕುರಿತ 76 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮನುಷ್ಯರಿರುವ ಕಡೆ ಪ್ರಾಣಿಗಳ ರಾತ್ರಿ ಓಡಾಟ 1.36 ಪಟ್ಟು ಹೆಚ್ಚು. ಹಗಲು-ರಾತ್ರಿ ಸಮಪಾಲು ತಿರುಗುವ ಪ್ರಾಣಿ ಶೇ 68ರಷ್ಟು ರಾತ್ರಿಯದಾಗುತ್ತದೆ. ರಾತ್ರಿ ಚಿರತೆಯದು.

ಪರಿಹಾರದ ಖರ್ಚಿಗೂ ಒಂದು ಅಂಕಿ ಇದೆ. ವೇಲ್ ಬಳಿಯ ಟೂ ಎಲ್ಕ್ ಎಂಬ ಚಾರಣದ ದಾರಿಯನ್ನು ಪ್ರತಿ ವರ್ಷ ಮೇ 6ರಿಂದ ಜುಲೈ 1ರವರೆಗೆ ಮುಚ್ಚುತ್ತಾರೆ. ವರ್ಷದಲ್ಲಿ 56 ದಿನ, ಉಳಿದ 309 ದಿನದ ಮಾತು ಬೇರೆ. ಅಲ್ಲಿ ಕಳೆದುಕೊಳ್ಳುವವರದು ರಜೆಯ ಸಂತೋಷ. ದಾಚಿಗಾಮ್‌ನಲ್ಲಿ ಅದೇ 56 ದಿನ ಕುರಿಗಾಹಿಯ ವರ್ಷದ ಅನ್ನ. ಹುಲ್ಲುಗಾವಲಿನ ಒಂದು ಭಾಗವನ್ನು ಆ ಎಂಟು ವಾರ ಖಾಲಿ ಬಿಡಬೇಕಾದರೆ ಅಷ್ಟು ದಿನದ ಮೇವಿನ ಬೆಲೆಯನ್ನು ಸರ್ಕಾರ ಅವರ ಕೈಗೆ ಮುಂಚಿತವಾಗಿಯೇ ಕೊಡಬೇಕು. ಮುಂದಿನ ಗಣತಿಯಲ್ಲಿ ತಲೆಗಳ ಜೊತೆ ಇನ್ನೆರಡು ಅಂಕಿಗಳನ್ನು ಮುಖಪುಟದಲ್ಲೇ ಅಚ್ಚು ಹಾಕಲಿ: ನೂರು ತಾಯಂದಿರಿಗೆ ಎಷ್ಟು ಮರಿ, ಮತ್ತು ಜೂನ್‌ನಲ್ಲಿ 141ರ ಪೈಕಿ ಎಷ್ಟು ಚದರ ಕಿಲೊಮೀಟರಿನಲ್ಲಿ ಹಂಗುಲ್ ಹೆಜ್ಜೆ ಕಂಡಿತು.