ಕಾಯಿಲೆ ಮತ್ತು ಕೆಲಸದ ಸಂಕಷ್ಟದಲ್ಲಿರುವ ಆತ್ಮೀಯರಿಗಾಗಿ ನಾವು ಹೇಗೆ ಪ್ರಾರ್ಥಿಸಬೇಕು?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಾವು ಆಗಾಗ ಕೇಳುವ ಮಾತೊಂದಿದೆ: "ನಮ್ಮ ಮಗನಿಗೆ ಹುಷಾರಿಲ್ಲ, ಸ್ವಲ್ಪ ಪ್ರಾರ್ಥನೆ ಮಾಡಿ." ನಾವು ಒಪ್ಪಿಕೊಳ್ಳುತ್ತೇವೆ, ಪ್ರಾರ್ಥಿಸುತ್ತೇವೆ. ಆದರೆ ಆ ತಾಯಿ ಹೇಳದೆ ನುಂಗಿಕೊಂಡ ಇನ್ನೊಂದು ಮಾತು ಇರುತ್ತದೆ. ಮಗ ಕಾಯಿಲೆಯಿಂದಾಗಿ ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾನೆ. ಮನೆಯ ಸಾಲದ ಕಂತು ನಿಂತಿದೆ, ಮಕ್ಕಳ ಶಾಲೆಯ ಶುಲ್ಕ ಬಾಕಿಯಿದೆ. ಕಾಯಿಲೆಯನ್ನು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ, ಕೆಲಸ ಹೋದದ್ದನ್ನು ಹೇಳಲು ನಾಚಿಕೆ. ಹೀಗಾಗಿ ನಮ್ಮ ಪ್ರಾರ್ಥನೆ ಅರ್ಧ ನೋವನ್ನು ಮಾತ್ರ ದೇವರ ಮುಂದಿಡುತ್ತದೆ.

ಸಂಕಟವನ್ನು ಇದ್ದ ಹಾಗೆ ಹೇಳೋಣ

ಸಂತ ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಮಾರ್ತ ಮತ್ತು ಮರಿಯ ತಮ್ಮ ಸಹೋದರ ಲಾಜರನ ವಿಷಯವಾಗಿ ಯೇಸುವಿಗೆ ಹೇಳಿಕಳುಹಿಸುತ್ತಾರೆ. ಅವರ ಸಂದೇಶ ಬಹಳ ಚಿಕ್ಕದು. ಯೇಸು ಪ್ರೀತಿಸುವವನು ಕಾಯಿಲೆಯಲ್ಲಿದ್ದಾನೆ ಎಂದಷ್ಟೇ ತಿಳಿಸುತ್ತಾರೆ. ಏನು ಮಾಡಬೇಕೆಂದು ಅವರು ಯೇಸುವಿಗೆ ಹೇಳಿಕೊಡುವುದಿಲ್ಲ, ಹರಕೆಯ ಲೆಕ್ಕವನ್ನೂ ಇಡುವುದಿಲ್ಲ. ಆತ್ಮೀಯರಿಗಾಗಿ ಪ್ರಾರ್ಥಿಸುವ ರೀತಿ ಇದೇ. ಹೆಸರು ಹಿಡಿದು, ಸಂಕಟವನ್ನು ಇದ್ದಂತೆಯೇ ಪ್ರಭುವಿನ ಮುಂದಿಡುವುದು. ಕಾಯಿಲೆಯಿದ್ದರೆ ಕಾಯಿಲೆ, ಕೆಲಸವಿಲ್ಲದಿದ್ದರೆ ಕೆಲಸ, ಸಾಲವಿದ್ದರೆ ಸಾಲ.

ಕೆಲಸಕ್ಕಾಗಿ ಪ್ರಾರ್ಥಿಸುವುದು ಕೀಳಾದ ಕೋರಿಕೆಯೇನೂ ಅಲ್ಲ. ಪೋಪ್ 12ನೇ ಭಕ್ತಿನಾಥರು 1955ರಲ್ಲಿ ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವಾಗಿ ಘೋಷಿಸಿದರು. ಪೋಪ್ ಎರಡನೇ ಜಾನ್ ಪಾಲ್ ಅವರು 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ ನಿರುದ್ಯೋಗವನ್ನು ಒಂದು ಕೇಡೆಂದೇ ಪರಿಗಣಿಸಿದರು. ಆದುದರಿಂದ ಬಲಿಪೂಜೆಯ ವಿಶ್ವಾಸಿಗಳ ಬಿನ್ನಹಗಳಲ್ಲಿ ರೋಗಿಗಳ ಜೊತೆಗೆ ಕೆಲಸ ಕಳೆದುಕೊಂಡವರನ್ನೂ ನೆನೆಯೋಣ. ಆದರೆ ಮನೆಯವರ ಅನುಮತಿಯಿಲ್ಲದೆ ಹೆಸರು ಹೇಳುವುದು ಬೇಡ. ಒಬ್ಬರ ಕಷ್ಟ ಊರಿನ ಮಾತಾಗಬಾರದು.

ಅಭ್ಯಂಗಕ್ಕೆ ಕೊನೆಯ ಘಳಿಗೆಯ ವರೆಗೆ ಕಾಯಬೇಡಿ

ಕಾಯಿಲೆ ಬಿದ್ದವರು ಸಭೆಯ ಹಿರಿಯರನ್ನು ಕರೆಸಲಿ, ಅವರು ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಸಂತ ಯಕೋಬನ ಪತ್ರದ 5ನೇ ಅಧ್ಯಾಯ ಬೋಧಿಸುತ್ತದೆ. ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಆಧಾರ ಇದೇ. ಆದರೂ ಇಂದಿಗೂ ನಮ್ಮ ಅನೇಕ ಮನೆಗಳಲ್ಲಿ ಗುರುಗಳನ್ನು ಕರೆಸಿದರೆ ರೋಗಿ ಹೆದರಿಯಾರು ಎಂಬ ಅಂಜಿಕೆಯಿದೆ. ಈ ಸಂಸ್ಕಾರ ಸಾವಿನ ಅಂಚಿನಲ್ಲಿರುವವರಿಗೆ ಮಾತ್ರವಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿತು. ತೀವ್ರ ಕಾಯಿಲೆಯವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರು, ವೃದ್ಧಾಪ್ಯದಿಂದ ನಿತ್ರಾಣರಾದವರು ಇದನ್ನು ಪಡೆಯಬಹುದು. ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು. ಗುರುಗಳು ರೋಗಿಯ ಹಣೆಗೂ ಕೈಗಳಿಗೂ ಪವಿತ್ರ ತೈಲ ಹಚ್ಚುತ್ತಾರೆ. ದುಡಿಯಲಾರದೆ ಸುಮ್ಮನಿರುವ ಆ ಕೈಗಳನ್ನೂ ದೇವರು ಮರೆತಿಲ್ಲ ಎಂಬ ಸಾಂತ್ವನ ರೋಗಿಗೆ ಅದರಲ್ಲಿ ದೊರೆಯುತ್ತದೆ.

ಪ್ರಾರ್ಥನೆಯಿದೆಯೆಂದು ಔಷಧಿ ನಿಲ್ಲಿಸುವುದು ವಿಶ್ವಾಸವಲ್ಲ. ವೈದ್ಯನನ್ನು ಗೌರವಿಸಬೇಕು, ಆತನ ಕಸುಬೂ ದೇವರಿಂದಲೇ ಬಂದದ್ದು ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ತಿಳಿಸುತ್ತದೆ.

ಗುಣವಾಗದಿದ್ದರೆ?

ಇದು ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ. ಸಂತ ಪೌಲನು ಗುಡಾರ ಮಾಡುವ ಕಸುಬಿನಿಂದ ಬದುಕಿದವನು. ತನ್ನನ್ನು ಮುಳ್ಳಿನಂತೆ ಕಾಡುತ್ತಿದ್ದ ಒಂದು ಬಾಧೆ ತೊಲಗಲೆಂದು ಆತ ಮೂರು ಬಾರಿ ಪ್ರಾರ್ಥಿಸಿದನು. ಬಾಧೆ ತೊಲಗಲಿಲ್ಲ, ಆದರೆ ಅದನ್ನು ಸಹಿಸುವ ಕೃಪೆ ಸಿಕ್ಕಿತು. ಪೌಲನ ವಿಶ್ವಾಸ ಕಡಿಮೆಯಾಗಿತ್ತೆಂದು ಯಾರು ಹೇಳಬಲ್ಲರು? ಆದುದರಿಂದ ರೋಗಿಯ ಮುಂದೆ "ನಿಮ್ಮ ವಿಶ್ವಾಸ ಸಾಲದು", "ಯಾವುದೋ ಪಾಪದ ಫಲ" ಎಂಬಂಥ ಮಾತುಗಳನ್ನು ಆಡಲೇಬಾರದು. ಹುಟ್ಟು ಕುರುಡನ ವಿಷಯದಲ್ಲಿ ಶಿಷ್ಯರು ಇದೇ ಪ್ರಶ್ನೆ ಎತ್ತಿದಾಗ ಯೇಸು ಆ ವಾದವನ್ನು ತಳ್ಳಿಹಾಕಿದರು.

ಹಾಸಿಗೆ ಹೊತ್ತ ನಾಲ್ವರು

ಕಫೆರ್ನವುಮಿನಲ್ಲಿ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆಸಮೇತ ಹೊತ್ತು ತಂದರು. ಜನಜಂಗುಳಿಯಿಂದ ಒಳಗೆ ಹೋಗಲಾಗದೆ ಮಾಡನ್ನೇ ತೆರೆದು ಆತನನ್ನು ಯೇಸುವಿನ ಮುಂದೆ ಇಳಿಸಿದರು. ಯೇಸು ಹೊತ್ತು ತಂದ ಅವರ ವಿಶ್ವಾಸವನ್ನು ಕಂಡರು ಎಂದು ಸಂತ ಮಾರ್ಕನು ಬರೆಯುತ್ತಾನೆ. ರೋಗಿ ತಾನೇ ಪ್ರಾರ್ಥಿಸಲಾರದಷ್ಟು ಸೋತಿರುವಾಗ ನಮ್ಮ ವಿಶ್ವಾಸ ಆತನನ್ನು ಹೊರಬೇಕು. ಹೊರುವುದಕ್ಕೆ ಹೆಗಲೂ ಬೇಕು.

ನಮ್ಮ ವಾಳೆಗಳಲ್ಲಿ ಇದು ಕಷ್ಟದ ಕೆಲಸವಲ್ಲ. ಗುರಿಕಾರರು ಮತ್ತು ನೆರೆಮನೆಯವರು ವಾರಕ್ಕೊಮ್ಮೆ ಆ ಮನೆಗೆ ಹೋಗಿ ತೇರ್ಸಿನಲ್ಲಿ ಜೊತೆಗೂಡಬಹುದು. ಒಬ್ಬರು ಆಸ್ಪತ್ರೆಗೆ ಜೊತೆಗೆ ಹೋಗಬಹುದು, ಇನ್ನೊಬ್ಬರು ಅರ್ಜಿ ತುಂಬಿಸಲು ನೆರವಾಗಬಹುದು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಈ.ಎಸ್.ಐ. ವಿಮೆಯುಳ್ಳ ಕಾರ್ಮಿಕರು ವಂತಿಗೆಯ ಷರತ್ತು ಪೂರೈಸಿದ್ದರೆ, ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳ ವರೆಗೆ ವೇತನದ ಶೇಕಡಾ 70ರಷ್ಟು ನಗದು ನೆರವು ಪಡೆಯಬಹುದು. ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆ 1833ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದಂದಿನಿಂದಲೂ ಬಡವರ ಮನೆಗೇ ಹೋಗಿ ಭೇಟಿಯಾಗುವ ಕ್ರಮವನ್ನು ಉಳಿಸಿಕೊಂಡು ಬಂದಿದೆ. ನಮ್ಮ ಚರ್ಚಿನಲ್ಲಿ ಅದರ ಘಟಕವಿದ್ದರೆ ಸಂಕೋಚವಿಲ್ಲದೆ ತಿಳಿಸೋಣ.

ಇಂದು ರಾತ್ರಿ ಮನೆಯ ದೀಪದ ಮುಂದೆ ಹೀಗೆ ಪ್ರಾರ್ಥಿಸೋಣ:

ಪ್ರಭು ಯೇಸುವೇ, ನೀವು ಪ್ರೀತಿಸುವ ನಮ್ಮ (ಹೆಸರು) ಕಾಯಿಲೆಯಲ್ಲಿದ್ದಾರೆ, ಕೆಲಸವೂ ಇಲ್ಲದೆ ಕುಗ್ಗಿದ್ದಾರೆ. ಅವರ ದೇಹಕ್ಕೆ ಆರೋಗ್ಯವನ್ನೂ ಕೈಗಳಿಗೆ ತಕ್ಕ ದುಡಿಮೆಯನ್ನೂ ದಯಪಾಲಿಸಿರಿ. ಅದು ತಡವಾದರೆ ತಾಳ್ಮೆ ಕೊಡಿರಿ. ಅವರ ಹೊರೆಯಲ್ಲಿ ನಮ್ಮ ಪಾಲು ಯಾವುದೆಂದು ನಮಗೆ ತೋರಿಸಿರಿ, ಅದನ್ನು ಹೊರುವ ಮನಸ್ಸು ಕೊಡಿರಿ. ಆಮೆನ್.